ಲಾಕ್ ಹಿಡಿದುಕೊಂಡು ಟೈಮರ್‌ಗೆ ಕಾದರೆ: ಒಂದು ಕಾಫಿ ಡ್ರೈಯರ್‌ನ ಪ್ರಕರಣ

ಮೂಡಿಗೆರೆ ಕಡೆಯ ಒಂದು ಎಸ್ಟೇಟ್‌ನಲ್ಲಿ ಕಾಫಿ ಒಣಗಿಸುವ ಡ್ರಮ್ ಡ್ರೈಯರ್ ಇದೆ. ಅದನ್ನು ನೋಡಿಕೊಳ್ಳುವ ಕಂಟ್ರೋಲರ್ ಲಿನಕ್ಸ್ ಮೇಲೆ ಓಡುತ್ತದೆ. ಮಾಡಿಕೊಟ್ಟದ್ದು ಹಾಸನದ ಒಂದು ಸಣ್ಣ ಕಂಪನಿ. ಕೊಯ್ಲು ಜೋರಾಗಿದ್ದಾಗ ಈ ಕಂಟ್ರೋಲರ್ ರಾತ್ರಿ ಹೊತ್ತು ಸಿಕ್ಕಿಹಾಕಿಕೊಳ್ಳತೊಡಗಿತು. ಸ್ಕ್ರೀನ್ ಉರಿಯುತ್ತಿತ್ತು. ಅಂಕಿ ಕಾಣುತ್ತಿತ್ತು, ಆದರೆ ಬದಲಾಗುತ್ತಿರಲಿಲ್ಲ. "ಸಾರ್, ಸ್ಕ್ರೀನ್‌ನಲ್ಲಿ ನಲವತ್ತೆರಡೇ ತೋರಿಸ್ತಿತ್ತು. ಡ್ರಮ್ ಹತ್ರ ಹೋದ್ರೆ ನಿಲ್ಲೋಕಾಗ್ತಿರ್ಲಿಲ್ಲ, ಅಷ್ಟು ಕಾವು" ಎಂದು ಎಸ್ಟೇಟಿನ ರೈಟರು (ಕೆಲಸ, ಲೆಕ್ಕ ನೋಡಿಕೊಳ್ಳುವವರು) ಫೋನಿನಲ್ಲಿ ಹೇಳಿದರು. ಇಡೀ ಪ್ರಕರಣದಲ್ಲಿ ಸಿಕ್ಕ ಒಳ್ಳೆಯ ಸುಳಿವು ಅದೇ. ಯಂತ್ರ ಪೂರ್ತಿ ಸತ್ತಿರಲಿಲ್ಲ. ಒಂದು ಭಾಗ ಮಾತ್ರ ಸತ್ತಿತ್ತು, ಮತ್ತು ಉಳಿದ ಭಾಗಕ್ಕೆ ಅದು ಗೊತ್ತೇ ಆಗಿರಲಿಲ್ಲ.

ಅಂಥ ರಾತ್ರಿಗಳಲ್ಲಿ ಕಾಫಿ ಉಳಿದದ್ದು ಬ್ಲೋವರ್‌ನ ಕರೆಂಟ್ ಲೈನಿಗೇ ಹಾಕಿದ್ದ ಸಾಮಾನ್ಯ ಥರ್ಮೋಸ್ಟಾಟ್‌ನಿಂದ. ಸಾಫ್ಟ್‌ವೇರ್‌ನಿಂದ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಕಿ, ಬಿಸಿ ಇರುವ ಕಡೆ ಕೊನೆಯ ಕಾವಲನ್ನು ಕರ್ನಲ್, ಅಂದರೆ ಲಿನಕ್ಸ್‌ನ ತಿರುಳಿನ ಕೈಗೆ ಕೊಡಬಾರದು ಎನ್ನುವವನು ನಾನು.

ಆ ಕಂಪನಿಗೆ ಆಗಾಗ ಕರ್ನಲ್ ಕೆಲಸದಲ್ಲಿ ಕೈಜೋಡಿಸುತ್ತೇನೆ. ಡ್ರೈವರ್ (ಸೆನ್ಸರ್, ಬ್ಲೋವರ್‌ಗಳನ್ನು ನಡೆಸುವ ಕರ್ನಲ್‌ನ ಭಾಗ) ನೋಡಿಕೊಳ್ಳುತ್ತಿದ್ದ ಯುವ ಇಂಜಿನಿಯರ್ ಜೊತೆ ಕೂತು ಹುಡುಕಿದಾಗ ಎರಡು ತಪ್ಪು ಸಿಕ್ಕವು. ಎರಡೂ ಲಾಕ್ (ಒಂದೇ ಮಾಹಿತಿಯನ್ನು ಒಂದು ಹೊತ್ತಿಗೆ ಒಬ್ಬರೇ ಮುಟ್ಟಲಿ ಎಂದು ಹಾಕುವ ಬೀಗ) ಮತ್ತು ಟೈಮರ್ (ಹೇಳಿದ ಹೊತ್ತಿಗೆ ಒಂದು ಫಂಕ್ಷನ್ ಓಡಿಸುವಂಥದ್ದು) ಎದುರುಬದುರಾಗುವ ಜಾಗದಲ್ಲೇ ಇದ್ದವು.

ಡ್ರೈವರ್‌ನ ಒಳಗೆ

ಕೊಯ್ಲಿನ ತಿಂಗಳಲ್ಲಿ ಮೋಡ ಕವಿದರೆ ಕಣದಲ್ಲಿ ಹರಡಿದ ಕಾಫಿ ಒಣಗುವುದಿಲ್ಲ. ಅಕಾಲದ ಮಳೆ ಬಂದರಂತೂ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಡ್ರೈಯರ್. ಪಾರ್ಚ್‌ಮೆಂಟ್‌ನ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ) ತೇವಾಂಶ ಶೇ 10ರ ಆಸುಪಾಸಿಗೆ ಇಳಿಯಬೇಕು. ಹಾಗಂತ ಕಾವು ಜಾಸ್ತಿ ಕೊಟ್ಟರೆ ಕಪ್‌ನಲ್ಲಿ ರುಚಿ ಕೆಡುತ್ತದೆ. ಸೌದೆ ಒಲೆಯ ಬಿಸಿ ಗಾಳಿಯನ್ನು ಬ್ಲೋವರ್ ಡ್ರಮ್ಮಿಗೆ ತಳ್ಳುತ್ತದೆ. ಬ್ಲೋವರನ್ನು ಆನ್, ಆಫ್ ಮಾಡುವ ರಿಲೇ ಕಂಟ್ರೋಲರ್ ಕೈಯಲ್ಲಿದೆ.

ಡ್ರೈವರ್‌ನಲ್ಲಿ ಮೂರು ದಾರಿಗಳಿವೆ. ಮೊದಲನೆಯದು ಸಾಮಾನ್ಯ ಪ್ರೋಗ್ರಾಮ್ ಬರುವ ದಾರಿ. ಸ್ಕ್ರೀನ್ ನಡೆಸುವ ಆಪ್ ಸೆಕೆಂಡಿಗೊಮ್ಮೆ ಐಓಸಿಟಿಎಲ್ (ಪ್ರೋಗ್ರಾಮ್ ಡ್ರೈವರ್‌ಗೆ ಪ್ರಶ್ನೆ, ಆಜ್ಞೆ ಕಳಿಸುವ) ಕರೆ ಮಾಡಿ ಬಿಸಿ ಎಷ್ಟು, ಡ್ರಮ್ ಎಷ್ಟು ಸುತ್ತು ತಿರುಗಿತು ಎಂದು ಕೇಳುತ್ತದೆ. ಎರಡನೆಯದು ಕರ್ನಲ್ ಟೈಮರ್. ಅದೂ ಸೆಕೆಂಡಿಗೊಮ್ಮೆ ಏಳುತ್ತದೆ, ಚಿಪ್ಪಿನೊಳಗಿನ ಎಡಿಸಿಯಿಂದ (ಸೆನ್ಸರ್‌ನ ವೋಲ್ಟೇಜನ್ನು ಅಂಕಿ ಮಾಡುವ ಭಾಗ) ಬಿಸಿ ಓದಿ ಇಡುತ್ತದೆ, ಮತ್ತು ಆಪ್ 5 ಸೆಕೆಂಡಿನಿಂದ ಸುದ್ದಿಯೇ ಇಲ್ಲ ಎಂದರೆ ಬ್ಲೋವರ್ ಆರಿಸುತ್ತದೆ. ಮೂರನೆಯದು ಇಂಟರಪ್ಟ್, ಅಂದರೆ ಓಡುತ್ತಿರುವ ಕೆಲಸವನ್ನು ಅಲ್ಲೇ ತಡೆದು ನುಗ್ಗುವ ಹಾರ್ಡ್‌ವೇರ್ ಕರೆ. ಡ್ರಮ್ಮಿಗೆ ಅಂಟಿಸಿದ ಮ್ಯಾಗ್ನೆಟ್ ಸೆನ್ಸರ್ ಮುಂದೆ ಹಾದುಹೋದಾಗಲೆಲ್ಲ ಒಂದು ಪಲ್ಸ್ ಬರುತ್ತದೆ, ಲೆಕ್ಕ ಒಂದು ಏರುತ್ತದೆ. ಟೈಮರ್ ನಿಂತಿದ್ದರೆ ಇಂಟರಪ್ಟೇ ಅದನ್ನು ಮತ್ತೆ ಹೂಡುತ್ತದೆ.

ಮೂರೂ ದಾರಿ ಒಂದೇ ಸ್ಟ್ರಕ್ಚರ್ (ಈ ಅಂಕಿಗಳನ್ನೆಲ್ಲ ಇಟ್ಟ ಮೆಮೊರಿ ಜಾಗ) ಮುಟ್ಟುತ್ತವೆ. ಅದನ್ನು ಕಾಯಲು ಒಂದು ಸ್ಪಿನ್‌ಲಾಕ್, ಅಂದರೆ ಸಿಗುವವರೆಗೆ ನಿದ್ದೆ ಹೋಗದೆ ಸುತ್ತುತ್ತಾ ಕಾಯಬೇಕಾದ ಲಾಕ್. ಮೂರೂ ಕಡೆ ಸುಮ್ನೆ ಸ್ಪಿನ್ ಲಾಕ್, ಸ್ಪಿನ್ ಅನ್‌ಲಾಕ್ ಎಂದು ಬರೆದಿತ್ತು. ನೋಡಲು ಅಚ್ಚುಕಟ್ಟಾಗಿಯೇ ಇತ್ತು.

ಈ ಡ್ರೈವರ್ ಹೊಸದೇನಲ್ಲ. ಒಂದೇ ಕೋರ್‌ನ (ಪ್ರೊಸೆಸರ್‌ನೊಳಗೆ ಕೆಲಸ ಓಡಿಸುವ ಘಟಕ) ಹಳೆ ಬೋರ್ಡ್‌ಗೆ, 4.9 ಕರ್ನಲ್‌ಗೆ ಬರೆದದ್ದು. ಹೊಸ ಬೋರ್ಡ್‌ನಲ್ಲಿ ನಾಲ್ಕು ಕೋರ್, ಕರ್ನಲ್ 5.10. ತರುವಾಗ ಕಂಪೈಲ್ ಆಗದೆ ನಿಂತದ್ದು ಒಂದೇ ಜಾಗದಲ್ಲಿ, ಟೈಮರ್ ಸಿದ್ಧಪಡಿಸುವ ಕರೆಯಲ್ಲಿ. ಹಳೆಯ ಸೆಟಪ್ ಟೈಮರ್ ಅನ್ನು 4.15ರಲ್ಲಿ ತೆಗೆದುಹಾಕಿ, ಟೈಮರ್ ಸೆಟಪ್ ಎಂಬ ಬೇರೆ ಕರೆ ತಂದಿದ್ದಾರೆ. ಆ ಸಾಲು ಬದಲಿಸಿದರು, ಕಂಪೈಲ್ ಆಯಿತು, ಬೋರ್ಡ್ ಎಸ್ಟೇಟಿಗೆ ಹೋಯಿತು.

ಮೊದಲ ಲಾಗ್

ರೈಟರ ಆಫೀಸಿನಲ್ಲಿ ಒಂದು ಹಳೆ ಲ್ಯಾಪ್‌ಟಾಪ್ ಇಟ್ಟು, ಸೀರಿಯಲ್ ಕೇಬಲ್ ಎಳೆದು, ರಾತ್ರಿಯಿಡೀ ಕನ್ಸೋಲ್ ಹಿಡಿದೆವು. ಬೆಳಿಗ್ಗೆ ಬೇಕಾದದ್ದು ಸಿಕ್ಕಿತ್ತು: ಸಾಫ್ಟ್ ಲಾಕಪ್, ಸಿಪಿಯು 2, 22 ಸೆಕೆಂಡಿನಿಂದ ಸಿಕ್ಕಿಕೊಂಡಿದೆ.

ಈ 22 ಎಲ್ಲಿಂದ ಬಂತು ಅಂತ ಹೊಸಬರು ಕೇಳುತ್ತಾರೆ. ಲಾಕಪ್ ಹಿಡಿಯುವ ಕಾವಲಿನ ಮಿತಿ ಕರ್ನಲ್‌ನಲ್ಲಿ ಮಾಮೂಲಿಯಾಗಿ 10 ಸೆಕೆಂಡ್. ಸಾಫ್ಟ್ ಲಾಕಪ್‌ಗೆ ಅದರ ಎರಡರಷ್ಟು, ಅಂದರೆ 20 ಸೆಕೆಂಡ್ ಕಾಯುತ್ತದೆ. 4 ಸೆಕೆಂಡಿಗೊಮ್ಮೆ ನೋಡುವುದರಿಂದ ದೂರು ಹೊರಗೆ ಬರುವಾಗ 22 ಅಥವಾ 23 ಆಗಿರುತ್ತದೆ. ಅಂಕಿಗೆ ಬೇರೆ ಅರ್ಥವಿಲ್ಲ.

ಅರ್ಥ ಇರುವುದು ಸ್ಟಾಕ್ ಟ್ರೇಸ್‌ನಲ್ಲಿ, ಅಂದರೆ ಯಾವ ಫಂಕ್ಷನ್ ಯಾವುದರ ಮೇಲೆ ಬಂತು ಎನ್ನುವ ಪಟ್ಟಿಯಲ್ಲಿ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತೀರಾ ಕೆಳಗೆ ಸ್ಕ್ರೀನ್ ಆಪ್‌ನ ಐಓಸಿಟಿಎಲ್ ಕರೆ. ಅದರ ಮೇಲೆ ನಮ್ಮ ಡ್ರೈವರ್‌ನ ಫಂಕ್ಷನ್. ಅದರ ಮೇಲೆ ಗಡಿಯಾರದ ಇಂಟರಪ್ಟ್. ಇಂಟರಪ್ಟ್ ಮುಗಿದು ಹೊರಡುವಾಗ ಸಾಫ್ಟ್ ಐಆರ್‌ಕ್ಯೂ (ಇಂಟರಪ್ಟ್‌ನ ಬೆನ್ನಿಗೇ ಕರ್ನಲ್ ಓಡಿಸುವ ಬಾಕಿ ಕೆಲಸ). ಅದರೊಳಗೆ ಟೈಮರ್‌ಗಳ ಸರದಿ. ಅಲ್ಲಿ ಮತ್ತೆ ನಮ್ಮ ಡ್ರೈವರ್, ಈ ಸಲ ಟೈಮರ್ ಫಂಕ್ಷನ್. ಎಲ್ಲಕ್ಕಿಂತ ಮೇಲೆ ಸ್ಪಿನ್‌ಲಾಕ್‌ಗೆ ಕಾಯುವ ಸುತ್ತು.

ಒಂದೇ ಕೋರ್, ಒಂದೇ ಸ್ಟಾಕ್, ಅದರಲ್ಲಿ ನಮ್ಮ ಡ್ರೈವರ್ ಎರಡು ಸಲ. ಕೆಳಗಿನದು ಲಾಕ್ ಹಿಡಿದಿದೆ, ಮೇಲಿನದು ಅದೇ ಲಾಕ್‌ಗೆ ಕಾಯುತ್ತಿದೆ. ಮೇಲಿನದು ಮುಗಿಯುವವರೆಗೆ ಕೆಳಗಿನದು ಮುಂದಕ್ಕೆ ಹೋಗಲಾರದು. ಕೆಳಗಿನದು ಬಿಡುವವರೆಗೆ ಮೇಲಿನದಕ್ಕೆ ಲಾಕ್ ಸಿಗದು.

ಸ್ಪಿನ್‌ಲಾಕ್ ಎನ್ನುವುದು ಬೇರೆ ಕೋರ್‌ನಿಂದ ಬರುವವರನ್ನು ತಡೆಯುತ್ತದೆ. ಅದೇ ಕೋರ್‌ನಲ್ಲಿ ನಿಮ್ಮ ತಲೆಯ ಮೇಲೆ ಬಂದು ಕೂರುವ ಇಂಟರಪ್ಟನ್ನಾಗಲಿ, ಸಾಫ್ಟ್ ಐಆರ್‌ಕ್ಯೂವನ್ನಾಗಲಿ ತಡೆಯುವುದಿಲ್ಲ. ಬರೀ ಸ್ಪಿನ್ ಲಾಕ್ ಕರೆ ಪ್ರೀಎಂಪ್ಷನ್ (ನಡುವೆ ಕೋರನ್ನು ಬೇರೆ ಪ್ರೋಗ್ರಾಮ್‌ಗೆ ಕೊಡುವುದು) ಮಾತ್ರ ನಿಲ್ಲಿಸುತ್ತದೆ. ಕರ್ನಲ್ ಟೈಮರ್‌ನ ಫಂಕ್ಷನ್ ಓಡುವುದು ಸಾಫ್ಟ್ ಐಆರ್‌ಕ್ಯೂನಲ್ಲಿ. ಹಾಗಾಗಿ ಟೈಮರ್ ಮುಟ್ಟುವ ಲಾಕನ್ನು ಸಾಮಾನ್ಯ ದಾರಿಯಲ್ಲಿ ಹಿಡಿಯುವಾಗ, ಆ ಕೋರ್‌ನಲ್ಲಿ ಸಾಫ್ಟ್ ಐಆರ್‌ಕ್ಯೂ ಬರದಂತೆ ಮಾಡಿಯೇ ಹಿಡಿಯಬೇಕು.

ಬೋರ್ಡ್‌ನಲ್ಲಿ ಹಾರ್ಡ್‌ವೇರ್ ವಾಚ್‌ಡಾಗ್ ಇತ್ತು, ಆಗಾಗ ಸೂಚನೆ ಬರದಿದ್ದರೆ ಯಂತ್ರವನ್ನು ರೀಬೂಟ್ ಮಾಡುವಂಥದ್ದು. ಅದು ಯಾಕೆ ರೀಬೂಟ್ ಮಾಡಲಿಲ್ಲ? ಅದಕ್ಕೆ ಆಗಾಗ ಸೂಚನೆ ಕೊಡುವ ಪ್ರೋಗ್ರಾಮ್ ಇನ್ನೊಂದು ಕೋರ್‌ನಲ್ಲಿ ಆರಾಮಾಗಿ ಓಡುತ್ತಿತ್ತು. ಸಿಕ್ಕಿಕೊಂಡದ್ದು ನಾಲ್ಕರಲ್ಲಿ ಒಂದು ಕೋರ್. ಫೋನಿಗೆ ಅಂಕಿ ಕಳಿಸುವ ಇನ್ನೊಂದು ಪ್ರೋಗ್ರಾಮ್ ಅದೇ ಲಾಕ್‌ಗೆ ಹೋಗಿ ಎರಡನೇ ಕೋರ್ ಕೂಡ ಸಿಕ್ಕಿಕೊಂಡಿತು, ಅಷ್ಟೆ. ವಾಚ್‌ಡಾಗ್ ಲೆಕ್ಕದಲ್ಲಿ ಯಂತ್ರ ಆರೋಗ್ಯವಾಗಿತ್ತು. ಆಪ್ ಸತ್ತರೆ ಬ್ಲೋವರ್ ಆರಿಸಬೇಕಾದ ಟೈಮರ್‌ನದೇ ಕಾಲು ಸಿಕ್ಕಿಕೊಂಡಿದ್ದರಿಂದ ಆ ಕಾವಲೂ ಇಲ್ಲವಾಯಿತು.

ಹಳೆ ಬೋರ್ಡ್‌ನಲ್ಲಿ ಯಾಕೆ ಆಗಲಿಲ್ಲ

"ಸರ್, ಹಳೆ ಬೋರ್ಡ್ ಐದಾರು ಎಸ್ಟೇಟ್‌ನಲ್ಲಿ ಓಡ್ತಾ ಇದೆ. ಒಂದ್ಸಲಾನೂ ಹ್ಯಾಂಗ್ ಆಗಿಲ್ಲ. ಕೋಡ್ ಅದೇ" ಎಂದರು ಇಂಜಿನಿಯರ್. ನ್ಯಾಯವಾದ ಪ್ರಶ್ನೆ.

ಉತ್ತರ ಸ್ವಲ್ಪ ನಗು ತರಿಸುವಂಥದ್ದು. ಹಳೆ ಕರ್ನಲನ್ನು ಒಂದೇ ಕೋರ್‌ಗೆಂದು, ಪ್ರೀಎಂಪ್ಷನ್ ಇಲ್ಲದೆ ಕಂಪೈಲ್ ಮಾಡಿದ್ದರು. ಹಾಗೆ ಮಾಡಿದಾಗ ಸ್ಪಿನ್ ಲಾಕ್ ಕರೆಯಿಂದ ಯಾವ ಲಾಕೂ ಉಳಿಯುವುದಿಲ್ಲ. ಇನ್ನೊಂದು ಕೋರೇ ಇಲ್ಲದಿದ್ದಾಗ ಯಾರಿಗಾಗಿ ಸುತ್ತಬೇಕು? ಕಂಪೈಲರ್‌ಗೆ ಸಾಲುಗಳನ್ನು ಹಿಂದೆಮುಂದೆ ಮಾಡಬೇಡ ಎನ್ನುವ ಸೂಚನೆ ಬಿಟ್ಟರೆ ಅಲ್ಲಿ ಬೇರೇನೂ ಇರುವುದಿಲ್ಲ. ಅಂದರೆ ಹಳೆ ಬೋರ್ಡ್‌ನಲ್ಲಿ ಲಾಕೇ ಇರಲಿಲ್ಲ. ಲಾಕ್ ಇಲ್ಲದ ಮೇಲೆ ಸಿಕ್ಕಿಕೊಳ್ಳುವುದೆಲ್ಲಿ ಬಂತು.

ಆದರೆ ತಪ್ಪು ಅಲ್ಲೂ ಇತ್ತು, ಬೇರೆ ರೂಪದಲ್ಲಿ. ಐಓಸಿಟಿಎಲ್ ದಾರಿ ಸ್ಟ್ರಕ್ಚರನ್ನು ನಕಲು ಮಾಡುತ್ತಿರುವಾಗಲೇ ನಡುವೆ ಟೈಮರ್ ನುಗ್ಗಿ ಹೊಸ ಅಂಕಿ ಬರೆದರೆ, ಅರ್ಧ ಹಳೆಯದು ಅರ್ಧ ಹೊಸದು ಹೊರಗೆ ಹೋಗುತ್ತದೆ. 32 ಬಿಟ್ ಪ್ರೊಸೆಸರ್‌ನಲ್ಲಿ 64 ಬಿಟ್‌ನ ಸುತ್ತಿನ ಲೆಕ್ಕವನ್ನು ಎರಡು ತುಂಡಾಗಿಯೇ ಓದಬೇಕು. ಅದರ ನಡುವೆ ಇಂಟರಪ್ಟ್ ಬಂದರೂ ಇದೇ ಗತಿ. ವಿಚಾರಿಸಿದರೆ, ಹೌದು, ಹಳೆ ಬೋರ್ಡ್‌ಗಳಲ್ಲಿ ಅಪರೂಪಕ್ಕೆ ವಿಚಿತ್ರ ಅಂಕಿ ಬರುತ್ತದೆ ಎನ್ನುವ ದೂರು ಮೊದಲಿನಿಂದಲೂ ಇತ್ತು. ಎಲ್ಲರೂ ಸೆನ್ಸರ್ ವೈರ್ ಸಡಿಲ ಅಂದುಕೊಂಡಿದ್ದರು. ಎರಡು ಕಡೆ ವೈರ್ ಬದಲಿಸಿಯೂ ಆಗಿತ್ತು.

ಯಾಕೆ ಗಂಟೆಗಟ್ಟಲೆ ಆದ ಮೇಲೆ

ಆ ವಿಚಿತ್ರ ಅಂಕಿ ಹಿಡಿಯಲೆಂದೇ ಹೊಸ ಬೋರ್ಡ್‌ನ ಡ್ರೈವರ್‌ನಲ್ಲಿ ಕನ್ಸೋಲ್‌ಗೆ ಬರೆಯುವ ಒಂದು ಪ್ರಿಂಟ್‌ಕೆ ಸಾಲು ಸೇರಿಸಿದ್ದರು. ಅಂಕಿ ಬದಲಾಗುವ ಮುಂಚೆ ಹಿಡಿಯಬೇಕಲ್ಲ ಅಂತ ಅದನ್ನು ಲಾಕ್‌ನ ಒಳಗೇ ಇಟ್ಟಿದ್ದರು.

ಈ ಒಂದು ಸಾಲಿನ ಬೆಲೆ ನೋಡಿ. ಕನ್ಸೋಲ್ ಸೀರಿಯಲ್ ಪೋರ್ಟ್‌ನಲ್ಲಿದೆ, ವೇಗ 115200 ಬಾಡ್. ಒಂದು ಅಕ್ಷರಕ್ಕೆ 10 ಬಿಟ್ ಹಿಡಿದರೆ ಸೆಕೆಂಡಿಗೆ 11520 ಅಕ್ಷರ. ನೂರು ಅಕ್ಷರದ ಸಾಲಿಗೆ ಹತ್ತಿರ ಹತ್ತಿರ 9 ಮಿಲಿಸೆಕೆಂಡ್. ಪ್ರಿಂಟ್‌ಕೆ ಇಲ್ಲದಿದ್ದರೆ ಲಾಕ್ ಹಿಡಿದು ಬಿಡುವುದು ಒಂದೆರಡು ಮೈಕ್ರೊಸೆಕೆಂಡಿನ ಮಾತು. ಅಂದರೆ ಕಿಟಕಿ ಸಾವಿರಾರು ಪಟ್ಟು ಅಗಲವಾಯಿತು. ಗಡಿಯಾರದ ಟಿಕ್ ಸೆಕೆಂಡಿಗೆ 250 ಸಲ, 4 ಮಿಲಿಸೆಕೆಂಡಿಗೆ ಒಂದು. ಲಾಕ್ ಹಿಡಿದಿರುವಾಗಲೇ ಟಿಕ್ ಖಂಡಿತ ಬರುತ್ತದೆ.

ಹಾಗಾದರೆ ಶುರುವಾದ ಕೂಡಲೇ ಯಾಕೆ ಸಿಕ್ಕಿಕೊಳ್ಳಲಿಲ್ಲ? ಟಿಕ್ ಬಂದರೆ ಸಾಲದು, ಅದೇ ಟಿಕ್‌ನಲ್ಲಿ ನಮ್ಮ ಟೈಮರ್‌ನ ಸರದಿ ಬಂದಿರಬೇಕು. ಆಪ್ ಕೂಡ ಅದೇ ಕೋರ್‌ನಲ್ಲಿರಬೇಕು. ಆಪ್‌ನ ಒಂದು ಸುತ್ತು ಎಂದರೆ ಒಂದು ಸೆಕೆಂಡ್ ನಿದ್ದೆ, ಜೊತೆಗೆ ಅದರ ಕೆಲಸದ ಸಮಯ. ಟೈಮರ್‌ನ ಸುತ್ತು ಒಂದು ಸೆಕೆಂಡ್, ಜೊತೆಗೆ ಕೆಲವು ಟಿಕ್‌ನಷ್ಟು ಹೆಚ್ಚು. ಎರಡೂ ಹೆಚ್ಚುಕಮ್ಮಿ ಸಮ, ಆದರೆ ಪೂರ್ತಿ ಸಮ ಅಲ್ಲ. ಆದ್ದರಿಂದ ಒಂದರ ಪಕ್ಕ ಒಂದು ನಿಧಾನಕ್ಕೆ ಸರಿಯುತ್ತಾ ಹೋಗುತ್ತವೆ. ಸಂಜೆ ದೂರ ದೂರ ಇದ್ದವು ನಡುರಾತ್ರಿ ಹೊತ್ತಿಗೆ ಒಂದರ ಮೇಲೊಂದು ಬರುತ್ತವೆ. ಡ್ರೈಯರನ್ನು ಸಾಮಾನ್ಯವಾಗಿ ಸಂಜೆ ಪಲ್ಪಿಂಗ್ (ಹಣ್ಣಿನ ಸಿಪ್ಪೆ ತೆಗೆಯುವುದು) ಮುಗಿದ ಮೇಲೆ ಹಚ್ಚುತ್ತಾರೆ. ಸಿಕ್ಕಿಕೊಳ್ಳುವುದು ಯಾವಾಗಲೂ ರಾತ್ರಿ ಎಂದು ಎಲ್ಲರಿಗೂ ಅನಿಸಿದ್ದು ಇದರಿಂದ. ಕರೆಂಟ್ ವೋಲ್ಟೇಜ್ ಏರುಪೇರು, ಚಳಿಗೆ ಬೋರ್ಡ್ ಮೇಲೆ ಮಂಜು ಕೂತಿದೆ, ಹೀಗೆ ನಾನಾ ಊಹೆ ನಡೆದಿದ್ದವು. ವೋಲ್ಟೇಜ್ ಸ್ಟೆಬಿಲೈಸರ್ ಒಂದನ್ನು ಕೊಂಡೂ ಆಗಿತ್ತು. ಇರಲಿ, ಅದು ಬೇರೆ ಕೆಲಸಕ್ಕೆ ಬಂತು.

ಲಾಕ್‌ಡೆಪ್ ಮುಂದೆ ಕೂರಿಸಿದಾಗ

ಲಿನಕ್ಸ್ ಕರ್ನಲ್‌ನಲ್ಲಿ ಲಾಕ್ ಬಳಕೆಯ ತಪ್ಪು ಹಿಡಿಯುವ ಲಾಕ್‌ಡೆಪ್ ಎನ್ನುವ ಸಾಧನ ಇದೆ. ಇಂಗೋ ಮೊಲ್ನಾರ್ ಮತ್ತು ಆರ್ಯನ್ ವ್ಯಾನ್ ಡಿ ವೆನ್ ಬರೆದದ್ದು, 2006ರಲ್ಲಿ 2.6.18ರ ಜೊತೆ ಸೇರಿತು. ಕರ್ನಲ್ ಕಾನ್ಫಿಗ್‌ನಲ್ಲಿ ಪ್ರೂವ್ ಲಾಕಿಂಗ್ ಆನ್ ಮಾಡಿದರೆ ಸಾಕು. ಇದರ ಹೆಚ್ಚುಗಾರಿಕೆ ಏನೆಂದರೆ, ನಿಜವಾಗಿ ಸಿಕ್ಕಿಕೊಳ್ಳುವವರೆಗೆ ಕಾಯುವುದಿಲ್ಲ. ಈ ಲಾಕನ್ನು ಒಮ್ಮೆ ಸಾಫ್ಟ್ ಐಆರ್‌ಕ್ಯೂ ಒಳಗೆ ಹಿಡಿದದ್ದು ನೋಡಿದೆ, ಇನ್ನೊಮ್ಮೆ ಸಾಫ್ಟ್ ಐಆರ್‌ಕ್ಯೂ ಬರಬಹುದಾದ ಸ್ಥಿತಿಯಲ್ಲಿ ಹಿಡಿದದ್ದೂ ನೋಡಿದೆ, ಎರಡೂ ಒಟ್ಟಿಗೆ ಸರಿಹೋಗಲ್ಲ ಎಂದು ದೂರು ಕೊಡುತ್ತದೆ. ಎರಡು ಘಟನೆಗಳ ನಡುವೆ ಗಂಟೆಗಟ್ಟಲೆ ಅಂತರ ಇದ್ದರೂ ಪರವಾಗಿಲ್ಲ.

ಹಾಸನದ ಬೆಂಚ್ ಮೇಲೆ ಇದನ್ನು ಹಾಕಿ ಬೂಟ್ ಮಾಡಿದರೆ, ಆಪ್ ಶುರುವಾದ ಕೂಡಲೇ ದೂರು ಬಂತು. ಎಸ್ಟೇಟಿನಲ್ಲಿ ರಾತ್ರಿಯಿಡೀ ಕಾದು ಹಿಡಿದದ್ದು ಇಲ್ಲಿ ಒಂದು ಗುಟುಕು ಕಾಫಿ ಮುಗಿಯುವಷ್ಟರಲ್ಲಿ ಸಿಕ್ಕಿತು.

ಇಂಜಿನಿಯರ್ ಐಓಸಿಟಿಎಲ್ ದಾರಿಯಲ್ಲಿ ಸ್ಪಿನ್ ಲಾಕ್ ಬದಲು ಸ್ಪಿನ್ ಲಾಕ್ ಬಿಎಚ್ ಹಾಕಿದರು. ಅದು ಲಾಕ್ ಹಿಡಿಯುವಾಗ ಆ ಕೋರ್‌ನಲ್ಲಿ ಸಾಫ್ಟ್ ಐಆರ್‌ಕ್ಯೂಗಳನ್ನೂ ತಡೆಹಿಡಿಯುತ್ತದೆ. ಮತ್ತೆ ಬೂಟ್. ದೂರಿಲ್ಲ.

"ಮ್ಯಾಗ್ನೆಟ್ ತಿರುಗಿಸಿದ್ರಾ?" ಎಂದು ಕೇಳಿದೆ. ಬೆಂಚ್ ಮೇಲೆ ಡ್ರಮ್ ಇಲ್ಲ. ಡ್ರಮ್ ಇಲ್ಲದೆ ಪಲ್ಸ್ ಇಲ್ಲ, ಪಲ್ಸ್ ಇಲ್ಲದೆ ಇಂಟರಪ್ಟ್ ಇಲ್ಲ. ಲಾಕ್‌ಡೆಪ್ ಹೇಳುವುದು ತಾನು ಕಣ್ಣಾರೆ ಕಂಡ ದಾರಿಗಳ ಬಗ್ಗೆ ಮಾತ್ರ. ಅವರು ಡ್ರಾಯರ್‌ನಿಂದ ಒಂದು ಮ್ಯಾಗ್ನೆಟ್ ತೆಗೆದು ಸೆನ್ಸರ್ ಮುಂದೆ ಒಮ್ಮೆ ಆಡಿಸಿದರು. ಕನ್ಸೋಲ್ ತುಂಬ ಹೊಸ ದೂರು. ಈ ಸಲ ಸಾಫ್ಟ್ ಐಆರ್‌ಕ್ಯೂ ಅಲ್ಲ, ಹಾರ್ಡ್ ಇಂಟರಪ್ಟ್. ಬಿಎಚ್ ತಡೆಯುವುದು ಸಾಫ್ಟ್ ಐಆರ್‌ಕ್ಯೂವನ್ನು. ಡ್ರಮ್ ಪಲ್ಸ್ ಅದನ್ನು ದಾಟಿ ಬಂದು ಅದೇ ಲಾಕ್ ಕೇಳುತ್ತದೆ.

ಇಂಥಲ್ಲಿ ನಾನು ಒಂದೊಂದು ದಾರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ. ನಾನು ಈ ಲಾಕ್ ಹಿಡಿದಿರುವಾಗ ಇದೇ ಕೋರ್‌ನಲ್ಲಿ ನನ್ನ ಮೇಲೆ ಯಾರು ಬರಬಹುದು, ಅವರಿಗೂ ಈ ಲಾಕ್ ಬೇಕಾ? ಐಓಸಿಟಿಎಲ್ ದಾರಿಯ ಮೇಲೆ ಟೈಮರೂ ಬರಬಹುದು, ಇಂಟರಪ್ಟೂ ಬರಬಹುದು. ಟೈಮರ್ ಮೇಲೆ ಇಂಟರಪ್ಟ್ ಬರಬಹುದು. ಸಾಫ್ಟ್ ಐಆರ್‌ಕ್ಯೂ ಓಡುವಾಗ ಹಾರ್ಡ್ ಇಂಟರಪ್ಟ್‌ಗಳು ತೆರೆದೇ ಇರುತ್ತವೆ ಎನ್ನುವುದನ್ನು ತುಂಬ ಜನ ಮರೆಯುತ್ತಾರೆ. ಇಂಟರಪ್ಟ್ ಫಂಕ್ಷನ್ ಮೇಲೆ ಈ ಲಾಕ್ ಬೇಕಾದವರು ಯಾರೂ ಬರುವುದಿಲ್ಲ. ಹಾಗಾಗಿ ಮೊದಲೆರಡು ಕಡೆ ಸ್ಪಿನ್ ಲಾಕ್ ಐಆರ್‌ಕ್ಯೂ ಸೇವ್ (ಆ ಕೋರ್‌ನಲ್ಲಿ ಇಂಟರಪ್ಟನ್ನೂ ಮುಚ್ಚಿ ಲಾಕ್ ಹಿಡಿಯುವ ಕರೆ), ಇಂಟರಪ್ಟ್‌ನಲ್ಲಿ ಬರೀ ಸ್ಪಿನ್ ಲಾಕ್.

ಹಾಗೇ ಬದಲಿಸಿದರು. ಪ್ರಿಂಟ್‌ಕೆ ಸಾಲನ್ನು ಲಾಕ್‌ನ ಹೊರಗೆ ಹಾಕಿದರು. ಲಾಕ್‌ಡೆಪ್ ಹಾಕಿದ ಕರ್ನಲ್ ನಿಧಾನ, ಎಸ್ಟೇಟಿಗೆ ಕಳಿಸುವಂಥದ್ದಲ್ಲ. ಅದನ್ನು ತೆಗೆದ ಕರ್ನಲ್ ಕಟ್ಟಿ, ಕೊಯ್ಲು ಕಾಯುವುದಿಲ್ಲ ಎಂದು ಕಂಪನಿಯವರು ಅದೇ ದಿನ ಬೇಲೂರು ದಾಟಿ ಮೂಡಿಗೆರೆಗೆ ಓಡಿದರು.

ಎರಡನೇ ಸಲ

ರಾತ್ರಿಯ ಹ್ಯಾಂಗ್ ನಿಂತಿತು. ಆದರೆ ಸ್ವಲ್ಪ ದಿನಕ್ಕೆ ರೈಟರಿಂದ ಮತ್ತೆ ಫೋನ್. ಈಗ ಸಿಕ್ಕಿಕೊಳ್ಳುವುದು ಬ್ಯಾಚ್ ಮುಗಿಸಿ ಪ್ಯಾನೆಲ್‌ನ ಸ್ಟಾಪ್ ಬಟನ್ ಒತ್ತಿದಾಗ. ದಿನವೂ ಅಲ್ಲ, ಅಪರೂಪಕ್ಕೆ. ಒತ್ತಿದರೂ ಬ್ಲೋವರ್ ತಿರುಗುತ್ತಲೇ ಇತ್ತಂತೆ. ಕೊನೆಗೆ ಮೇನ್ ಸ್ವಿಚ್ ಇಳಿಸಿದರಂತೆ.

ಲಾಗ್ ಬೇರೆ ಥರ ಇತ್ತು. ಸಾಫ್ಟ್ ಲಾಕಪ್ ಎನ್ನುವ ಮಾತೇ ಇಲ್ಲ. ಆರ್‌ಸಿಯು ಸ್ಟಾಲ್ ಎನ್ನುವ ದೂರು ಬಂದಿತ್ತು, ಅದೂ ಬೇರೆ ಕೋರ್ ಬರೆದದ್ದು. ಎರಡು ಕೋರ್‌ಗಳಿಂದ 21 ಸೆಕೆಂಡಿನಿಂದ ಸುದ್ದಿ ಇಲ್ಲ ಎಂದಿತ್ತು. ಈ 21 ಕೂಡ ಕರ್ನಲ್‌ನ ಮಾಮೂಲಿ ಮಿತಿಯೇ.

ದೂರಿನ ಜಾತಿ ಬದಲಾದದ್ದೇ ಇಲ್ಲಿ ಮುಖ್ಯ ಸಂಗತಿ. ಸಾಫ್ಟ್ ಲಾಕಪ್ ಹಿಡಿಯುವ ಕಾವಲು ಆಯಾ ಕೋರ್‌ನ ಗಡಿಯಾರ ಇಂಟರಪ್ಟ್ ಮೇಲೆ ನಿಂತಿದೆ. ಮೊದಲ ಸಲ ಇಂಟರಪ್ಟ್ ತೆರೆದಿತ್ತು, ಅದಕ್ಕೇ ದೂರು ಬಂತು. ಈಗ ಐಆರ್‌ಕ್ಯೂ ಸೇವ್ ಹಾಕಿದ ಮೇಲೆ, ಸಿಕ್ಕಿಕೊಂಡ ಕೋರ್‌ಗಳಲ್ಲಿ ಇಂಟರಪ್ಟೇ ಮುಚ್ಚಿದೆ. ಅವು ತಮ್ಮ ಬಗ್ಗೆ ತಾವೇ ದೂರು ಕೊಡಲಾರವು. ಪಕ್ಕದವರು ಕೊಡಬೇಕು. ಹೀಗೆ ದೂರು ಕೊಡುವವರು ಯಾರು ಎನ್ನುವುದನ್ನು ನೋಡಿಯೇ, ಇಂಟರಪ್ಟ್ ಮುಚ್ಚಿದ ಜಾಗದಲ್ಲಿ ಯಾರೋ ಸುತ್ತುತ್ತಿದ್ದಾರೆ ಎಂದು ಅರ್ಧ ರೋಗ ತಿಳಿಯಬಹುದು.

ಬೆಂಚ್ ಮೇಲಿನ ಬೋರ್ಡ್‌ಗೆ ಸ್ಟಾಪ್ ಬಟನ್ ಇರಲಿಲ್ಲ, ಅದು ಪ್ಯಾನೆಲ್‌ನ ವೈರಿಂಗ್‌ನಲ್ಲಿ ಬರುವಂಥದ್ದು. ಎರಡು ಪಿನ್‌ಗೆ ವೈರ್ ತಾಗಿಸಿ, ಲಾಕ್‌ಡೆಪ್ ಕರ್ನಲ್‌ನಲ್ಲಿ ಸ್ಟಾಪ್ ಕೊಟ್ಟೆವು. ಮೊದಲ ಸಲಕ್ಕೇ ದೂರು: ಚಕ್ರದಂತೆ ಒಂದಕ್ಕೊಂದು ಕಾಯುವ ಸಾಧ್ಯತೆ ಇದೆ. ಒಂದು ತುದಿಯಲ್ಲಿ ನಮ್ಮ ಸ್ಪಿನ್‌ಲಾಕ್. ಇನ್ನೊಂದು ತುದಿಯಲ್ಲಿ ಇನ್ನೊಂದು ಲಾಕ್ ಅಲ್ಲ, ಟೈಮರ್.

ಸ್ಟಾಪ್ ದಾರಿಯ ಕೋಡ್ ಹೀಗಿತ್ತು. ಲಾಕ್ ಹಿಡಿ. ಡೆಲ್ ಟೈಮರ್ ಸಿಂಕ್ ಕರೆದು ಟೈಮರ್ ನಿಲ್ಲಿಸು. ರಿಲೇ ಆರಿಸು. ಲಾಕ್ ಬಿಡು. ಓದಿದರೆ ಎಷ್ಟು ಜೋಪಾನವಾಗಿ ಬರೆದಿದ್ದಾರೆ ಎನಿಸುತ್ತದೆ. ಆದರೆ ಡೆಲ್ ಟೈಮರ್ ಸಿಂಕ್ ಮಾಡುವ ಕೆಲಸ ಎರಡು. ಸರದಿಯಲ್ಲಿರುವ ಟೈಮರನ್ನು ಕಿತ್ತುಹಾಕುವುದು ಒಂದು. ಅದರ ಫಂಕ್ಷನ್ ಈಗಾಗಲೇ ಬೇರೆ ಕೋರ್‌ನಲ್ಲಿ ಓಡುತ್ತಿದ್ದರೆ ಮುಗಿಯುವವರೆಗೆ ಕಾಯುವುದು ಇನ್ನೊಂದು. ಇಲ್ಲಿ ಆ ಫಂಕ್ಷನ್ ಮೊದಲ ಸಾಲಿನಲ್ಲೇ ನಮ್ಮ ಲಾಕ್‌ಗೆ ಕಾಯುತ್ತಾ ನಿಂತಿದೆ. ರೈಟರು ಗೋಡೌನ್ ಕೀ ಜೇಬಲ್ಲಿಟ್ಟುಕೊಂಡು, ಲಾರಿಯವನು ಲೋಡ್ ಮುಗಿಸಿ ಬರಲಿ ಆಮೇಲೆ ಕೀ ಕೊಡ್ತೀನಿ ಅಂತ ಆಫೀಸಿನಲ್ಲಿ ಕೂತ ಹಾಗೆ. ಲಾರಿಯವನು ಗೋಡೌನ್ ಬಾಗಿಲಲ್ಲಿ ಕೀಗೆ ಕಾಯುತ್ತಿದ್ದಾನೆ.

ಕರ್ನಲ್‌ನ ದಾಖಲೆಯಲ್ಲೇ ಇದರ ಎಚ್ಚರಿಕೆ ಇದೆ. ಟೈಮರ್ ಫಂಕ್ಷನ್ ಮುಗಿಯದಂತೆ ತಡೆಯುವ ಯಾವ ಲಾಕನ್ನೂ ಹಿಡಿದು ಈ ಕರೆ ಮಾಡಬಾರದು. ಲಾಕ್‌ಡೆಪ್ ಇದನ್ನು ಹಿಡಿಯುವ ಉಪಾಯ ಚೆನ್ನಾಗಿದೆ. ಪ್ರತಿ ಟೈಮರ್‌ಗೂ ಅದು ಲೆಕ್ಕಕ್ಕೆ ಮಾತ್ರ ಒಂದು ಸುಳ್ಳು ಲಾಕ್ ಇಟ್ಟುಕೊಂಡಿರುತ್ತದೆ. ಟೈಮರ್ ಫಂಕ್ಷನ್ ಓಡುವಾಗ ಆ ಲಾಕ್ ಹಿಡಿದಂತೆ ಬರೆದುಕೊಳ್ಳುತ್ತದೆ. ಡೆಲ್ ಟೈಮರ್ ಸಿಂಕ್ ಕರೆದಾಗಲೂ ಹಿಡಿದು ಬಿಟ್ಟಂತೆ ಬರೆದುಕೊಳ್ಳುತ್ತದೆ. ಆಗ ಇದು ಎರಡು ಲಾಕ್‌ಗಳನ್ನು ತಿರುವುಮುರುವಾಗಿ ಹಿಡಿದ ಮಾಮೂಲಿ ತಪ್ಪಿನ ಹಾಗೇ ಕಾಣುತ್ತದೆ. ನನ್ನ ಮಟ್ಟಿಗೆ ಟೈಮರನ್ನು ಅರ್ಥ ಮಾಡಿಕೊಳ್ಳುವ ಸರಿಯಾದ ದಾರಿಯೂ ಇದೇ. ಓಡುತ್ತಿರುವ ಟೈಮರ್ ಫಂಕ್ಷನ್ ಕಣ್ಣಿಗೆ ಕಾಣದ ಲಾಕ್. ಸಿಂಕ್ ಎಂದು ಕೊನೆಗೊಳ್ಳುವ ಪ್ರತಿ ಕರೆಯೂ ಆ ಲಾಕನ್ನು ಕೇಳುವ ಕರೆ.

ಇದು ಮೊದಲ ದೂರಿನ ಜೊತೆಗೇ ಯಾಕೆ ಬರಲಿಲ್ಲ ಎನ್ನುವುದಕ್ಕೂ ಕಾರಣ ಇದೆ. ಲಾಕ್‌ಡೆಪ್ ಮೊದಲ ದೂರು ಕೊಟ್ಟ ಮೇಲೆ ತಾನೇ ಆಫ್ ಆಗಿಬಿಡುತ್ತದೆ. ಒಂದು ಬೂಟ್‌ಗೆ ಒಂದೇ ದೂರು. ಜೊತೆಗೆ ಸ್ಟಾಪ್ ದಾರಿಯಲ್ಲಿ ಆಗ ಯಾರೂ ನಡೆದೇ ಇರಲಿಲ್ಲ.

ತಿದ್ದಿದ್ದು

ಸ್ಟಾಪ್ ದಾರಿ ಈಗ ಹೀಗಿದೆ. ಲಾಕ್ ಹಿಡಿದು, ನಿಲ್ಲುತ್ತಿದ್ದೇವೆ ಎನ್ನುವ ಫ್ಲ್ಯಾಗ್ ಏರಿಸಿ, ಅಲ್ಲೇ ರಿಲೇ ಆರಿಸಿ, ಲಾಕ್ ಬಿಡುತ್ತದೆ. ಆಮೇಲೆ ಬರಿಗೈಯಲ್ಲಿ ಡೆಲ್ ಟೈಮರ್ ಸಿಂಕ್. ಟೈಮರ್ ಫಂಕ್ಷನ್ ಲಾಕ್ ಸಿಕ್ಕ ಕೂಡಲೇ ಫ್ಲ್ಯಾಗ್ ನೋಡುತ್ತದೆ. ಏರಿದ್ದರೆ ರಿಲೇ ಮುಟ್ಟದೆ, ತನ್ನನ್ನು ಮತ್ತೆ ಹೂಡಿಕೊಳ್ಳದೆ ಹಿಂದಿರುಗುತ್ತದೆ. ಟೈಮರ್‌ಗೆ ಕಾಯುವ ಮೊದಲೇ ರಿಲೇ ಆರುವುದರಿಂದ, ಮುಂದೆ ಏನೇ ಎಡವಟ್ಟಾದರೂ ಬ್ಲೋವರ್ ನಿಂತಿರುತ್ತದೆ.

"ಸಿಂಕ್ ಇಲ್ಲದ ಡೆಲ್ ಟೈಮರ್ ಹಾಕಿದ್ರೆ ಸಾಕಲ್ವಾ ಸರ್? ಫ್ಲ್ಯಾಗ್ ಇದೆಯಲ್ಲ" ಎಂದು ಇಂಜಿನಿಯರ್ ಕೇಳಿದರು. ಸ್ಟಾಪ್‌ಗೆ ಸಾಕು. ಆದರೆ ಡ್ರೈವರನ್ನೇ ತೆಗೆಯುವಾಗ ಸಾಲದು. ಅಲ್ಲಿ ಸ್ಟ್ರಕ್ಚರ್‌ನ ಮೆಮೊರಿ ಬಿಟ್ಟುಕೊಡುತ್ತೇವೆ. ಬಿಟ್ಟ ಮೇಲೂ ಬೇರೆ ಕೋರ್‌ನಲ್ಲಿ ಟೈಮರ್ ಫಂಕ್ಷನ್ ಓಡುತ್ತಿದ್ದರೆ ಅದು ನೋಡುವ ಫ್ಲ್ಯಾಗ್ ಕೂಡ ಬೇರೆಯವರ ಮೆಮೊರಿಯಲ್ಲಿರುತ್ತದೆ.

ಹಾಗೆ ನೋಡಿದಾಗ ತೆಗೆಯುವ ದಾರಿಯಲ್ಲೂ ಒಂದು ಹುಳುಕು ಕಂಡಿತು, ಇನ್ನೂ ಯಾರಿಗೂ ಕಚ್ಚಿರಲಿಲ್ಲ. ಮೊದಲು ಟೈಮರ್ ನಿಲ್ಲಿಸಿ, ಆಮೇಲೆ ಇಂಟರಪ್ಟ್ ಬಿಡುತ್ತಿದ್ದರು. ನಡುವಿನ ಗ್ಯಾಪ್‌ನಲ್ಲಿ ಡ್ರಮ್ ಪಲ್ಸ್ ಬಂದರೆ ಇಂಟರಪ್ಟ್ ಫಂಕ್ಷನ್ ಟೈಮರನ್ನು ಮತ್ತೆ ಹೂಡುತ್ತದೆ. ಟೈಮರ್ ತನ್ನನ್ನು ತಾನೇ ಹೂಡಿಕೊಳ್ಳುವುದನ್ನು ಡೆಲ್ ಟೈಮರ್ ಸಿಂಕ್ ನಿಭಾಯಿಸುತ್ತದೆ. ಆದರೆ ಅದು ಮುಗಿದ ಮೇಲೆ ಬೇರೆಯವರು ಹೂಡುವುದನ್ನು ತಡೆಯಲು ಅದರ ಕೈಲಾಗದು. ಕ್ರಮ ತಿರುಗಿಸಿದೆವು: ಮೊದಲು ಇಂಟರಪ್ಟ್ ಬಿಡು, ನಂತರ ಟೈಮರ್, ಕೊನೆಗೆ ಮೆಮೊರಿ. 6.2 ಕರ್ನಲ್‌ನಿಂದ ಇದಕ್ಕೆಂದೇ ಟೈಮರ್ ಶಟ್‌ಡೌನ್ ಸಿಂಕ್ ಬಂದಿದೆ. ಅದನ್ನು ಕರೆದ ಮೇಲೆ ಯಾರು ಹೂಡಿದರೂ ಟೈಮರ್ ಏಳುವುದಿಲ್ಲ. ನಮ್ಮ 5.10ರಲ್ಲಿ ಅದಿಲ್ಲ. ಮುಂದೆ ಕರ್ನಲ್ ಏರಿಸುವವರಿಗೆ ಇನ್ನೊಂದು ಮಾತು: ಡೆಲ್ ಟೈಮರ್ ಸಿಂಕ್ ಈಗ ಟೈಮರ್ ಡಿಲೀಟ್ ಸಿಂಕ್ ಆಗಿದೆ, 6.15ರಲ್ಲಿ ಹಳೆ ಹೆಸರು ಪೂರ್ತಿ ಹೋಯಿತು.

ಕೊಯ್ಲು ಮುಗಿದ ಮೇಲೆ ಡ್ರೈವರನ್ನು ಇನ್ನಷ್ಟು ಸರಳ ಮಾಡಿದೆವು. ಇಂಟರಪ್ಟ್ ಈಗ ಲಾಕ್ ಮುಟ್ಟುವುದೇ ಇಲ್ಲ. ಅಟಾಮಿಕ್ ಲೆಕ್ಕ (ನಡುವೆ ತುಂಡಾಗದೆ ಒಂದೇ ಏಟಿಗೆ ಬದಲಾಗುವಂಥದ್ದು) ಒಂದು ಏರಿಸಿ, ಸಮಯ ಬರೆದು ಹೊರಡುತ್ತದೆ. ಟೈಮರ್ ಹೂಡುವುದು ಸ್ಟಾರ್ಟ್ ಆಜ್ಞೆಯ ಕೆಲಸ ಮಾತ್ರ. ಇದರಿಂದ ಐಆರ್‌ಕ್ಯೂ ಸೇವ್ ಬೇಡವಾಯಿತು, ಐಓಸಿಟಿಎಲ್ ದಾರಿಯಲ್ಲಿ ಬಿಎಚ್, ಟೈಮರ್‌ನಲ್ಲಿ ಬರೀ ಸ್ಪಿನ್ ಲಾಕ್ ಸಾಕಾಯಿತು. ಇಂಟರಪ್ಟ್ ಮುಚ್ಚಿಕೊಂಡು ಕೆಲಸ ಮಾಡುವ ಜಾಗ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಟೈಮರ್ ಬದಲು ಡಿಲೇಡ್ ವರ್ಕ್ (ವರ್ಕ್‌ಕ್ಯೂ ಎಂಬ ಸರದಿಯಲ್ಲಿ ಸ್ವಲ್ಪ ಹೊತ್ತಿನ ನಂತರ ಓಡುವ ಕೆಲಸ) ಬಳಸಿ, ಮ್ಯೂಟೆಕ್ಸ್ (ಸುತ್ತದೆ ನಿದ್ದೆ ಮಾಡಿ ಕಾಯುವ ಲಾಕ್) ಹಾಕೋಣ ಎನ್ನುವುದು ನನ್ನ ಸಲಹೆಯಾಗಿತ್ತು. ಸೆಕೆಂಡಿಗೊಮ್ಮೆ ಮಾಡುವ ಕೆಲಸಕ್ಕೆ ಸಾಫ್ಟ್ ಐಆರ್‌ಕ್ಯೂ ಯಾಕೆ? ಇಂಜಿನಿಯರ್ ಒಪ್ಪಲಿಲ್ಲ. ವರ್ಕ್‌ಕ್ಯೂ ಓಡುವುದು ಥ್ರೆಡ್‌ನಲ್ಲಿ, ಯಂತ್ರಕ್ಕೆ ಹೊರೆ ಜಾಸ್ತಿಯಾದಾಗ ಅದು ತಡವಾಗಬಹುದು, ಬ್ಲೋವರ್ ಆರಿಸಬೇಕಾದದ್ದು ಅಂಥ ಹೊತ್ತಲ್ಲೇ ಅಂದರು. ತೂಕದ ಮಾತು. ಟೈಮರ್ ಉಳಿಯಿತು. ಅಂದಹಾಗೆ ಡಿಲೇಡ್ ವರ್ಕ್‌ಗೆ ಹೋದರೂ ಎರಡನೇ ತಪ್ಪಿನಿಂದ ಪಾರಾಗುತ್ತಿರಲಿಲ್ಲ. ಮ್ಯೂಟೆಕ್ಸ್ ಹಿಡಿದು ಕ್ಯಾನ್ಸಲ್ ಡಿಲೇಡ್ ವರ್ಕ್ ಸಿಂಕ್ ಕರೆದರೆ ಅದೇ ಚಕ್ರ.

ವಾಚ್‌ಡಾಗ್ ವಿಷಯದಲ್ಲೂ ಬದಲಾವಣೆ ಆಯಿತು. ಸೂಚನೆ ಕೊಡುವ ಪ್ರೋಗ್ರಾಮ್ ಈಗ ಟೈಮರ್ ಕೊನೆಗೆ ಯಾವಾಗ ಓಡಿತು ಎಂದು ನೋಡಿ, ಅದು ಮುಂದಕ್ಕೆ ಹೋಗಿದ್ದರೆ ಮಾತ್ರ ಸೂಚನೆ ಕೊಡುತ್ತದೆ. ಸಾಫ್ಟ್ ಲಾಕಪ್ ಅಥವಾ ಆರ್‌ಸಿಯು ಸ್ಟಾಲ್ ಕಂಡರೆ ಪ್ಯಾನಿಕ್ ಆಗಿ ತಾನೇ ರೀಬೂಟ್ ಆಗುವಂತೆ ಕರ್ನಲ್ ಸೆಟ್ಟಿಂಗ್ ಹಾಕಿದ್ದೇವೆ. ರೀಬೂಟ್ ಆದಾಗ ರಿಲೇ ಮೊದಲ ಸ್ಥಿತಿ ಆಫ್. ಬೆಂಚ್ ಮೇಲೆ ಮ್ಯಾಗ್ನೆಟ್ ಅಂಟಿಸಿದ ಒಂದು ಸಣ್ಣ ಮೋಟಾರ್ ಕೂತಿದೆ, ಸ್ಟಾರ್ಟ್ ಮತ್ತು ಸ್ಟಾಪ್ ಒತ್ತುತ್ತಲೇ ಇರುವ ಸ್ಕ್ರಿಪ್ಟ್ ಇದೆ. ಲಾಕ್‌ಡೆಪ್ ಹಾಕಿದ ಕರ್ನಲ್‌ನಲ್ಲಿ ಅದನ್ನು ಓಡಿಸದೆ ಯಾವ ಡ್ರೈವರೂ ಹಾಸನ ಬಿಟ್ಟು ಹೊರಡುವುದಿಲ್ಲ.

ಹಳೆ ಬೋರ್ಡ್‌ಗಳ ಮಾತು ಉಳಿದಿತ್ತು. ಹ್ಯಾಂಗ್ ಆಗದ್ದನ್ನು ಯಾಕೆ ಮುಟ್ಟಬೇಕು ಎಂದು ಕಂಪನಿಯಲ್ಲಿ ಕೆಲವರು ಅಂದರು. ಆದರೆ ಬಿಎಚ್ ಹಾಕಿದ ಕರೆ ಒಂದೇ ಕೋರ್‌ನಲ್ಲೂ ಸಾಫ್ಟ್ ಐಆರ್‌ಕ್ಯೂವನ್ನು ನಿಜವಾಗಿಯೇ ತಡೆಯುತ್ತದೆ. ಲಾಕ್ ಮಾಯವಾದರೂ ಆ ತಡೆ ಉಳಿಯುತ್ತದೆ. ಸುತ್ತಿನ ಲೆಕ್ಕ ಅಟಾಮಿಕ್ ಆದದ್ದರಿಂದ ಅದೂ ತುಂಡಾಗುವುದಿಲ್ಲ. ಮಳೆಗಾಲದಲ್ಲಿ ಡ್ರೈಯರ್‌ಗಳು ಖಾಲಿ ಕೂತಿದ್ದಾಗ ಆ ಎಸ್ಟೇಟ್‌ಗಳಿಗೂ ಹೊಸ ಡ್ರೈವರ್ ಹೋಯಿತು. ವಿಚಿತ್ರ ಅಂಕಿಯ ದೂರು ಆಮೇಲೆ ಬಂದಿಲ್ಲ, ವೈರ್ ಬದಲಿಸಿ ಅಂತಲೂ ಯಾರೂ ಕೇಳಿಲ್ಲ.